ಹತ್ತು ಸಮ ಹತ್ತು

ದರ್ಜಿ ಅಪ್ಪ ತಂಗಿಯ ಲೆಕ್ಕದ ಬುದ್ಧಿಯನ್ನು ಹೊಗಳಿದಾಗಲೆಲ್ಲ ಅಕ್ಕನ ಹೊಟ್ಟೆ ಉರಿಯುತ್ತಿತ್ತು. ಇಂದು ಒಂದು ಸಮೀಕರಣದ ಬೆಲೆಯನ್ನು ಇನ್ನೊಂದರಲ್ಲಿ ಹಾಕಿ ಬಿಡಿಸುವ ಆದೇಶ ವಿಧಾನದ ಲೆಕ್ಕ: ಎಕ್ಸ್ ಪ್ಲಸ್ ವೈ ಸಮ ಹತ್ತು, ಎಕ್ಸ್ ಮೈನಸ್ ವೈ ಸಮ ಎರಡು. ತಂಗಿ ಮೊದಲ ಸಮೀಕರಣದಿಂದ ಎಕ್ಸ್‌ನ ಬೆಲೆ ಹತ್ತು ಮೈನಸ್ ವೈ ಎಂದು ಬಿಡಿಸಿಕೊಂಡು, "ಅಕ್ಕಾ, ಇದನ್ನ ಎಲ್ಲಿ ಹಾಕ್ಲಿ?" ಎಂದಳು.

ಎರಡನೆಯದರಲ್ಲಿ ಹಾಕಬೇಕೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. "ಮೊದಲನೇದ್ರಲ್ಲೇ ಹಾಕು" ಎಂದಳು. ಎಲ್ಲಿಂದ ಬಂತೋ ಅಲ್ಲಿಗೇ ಹಾಕಿದರೆ ಏನು ಸಿಗುತ್ತದೆ, ಮಣ್ಣು! ಗಾಣದೆತ್ತಿನ ಹಾಗೆ ಸುತ್ತಲಿ.

ಎಕ್ಸೂ ವೈಯೂ ಮಾಯವಾದವು. "ಅಪ್ಪಾ, ಹತ್ತು ಸಮ ಹತ್ತು ಅಂತ ಬಂತು!"

ಅಪ್ಪ ಕತ್ತರಿ ಕೆಳಗಿಟ್ಟ. "ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ! ನಾನು ಹೊಲಿಯೋ ತೋಳುಗಳೂ ಇಷ್ಟು ಸಮ ಬರಲ್ಲ. ತಂಗೀನ ನೋಡಿ ಕಲ್ತ್ಕೊಳ್ಳೇ!"

ತಪ್ಪೆಂದು ಕಿರುಚಲು ಅಕ್ಕ ಬಾಯಿ ತೆರೆದಳು. ಹೇಳಿಕೊಟ್ಟವಳು ತಾನೇ ಎಂಬುದು ನೆನಪಾಗಿ ಮುಚ್ಚಿಕೊಂಡಳು.