ಅಗಳಿ ತಾನೇ ಬಿದ್ದ ಕಥೆ

ಸೋಮವಾರ ಆಳಂದದಲ್ಲಿ ಕಣ್ಣಿನ ಶಿಬಿರ. ಸೋಲಾಪುರದ ಡಾಕ್ಟರು ಬರುವುದು ವರ್ಷಕ್ಕೆ ಒಂದೇ ಸಲ. ಕಡಗಂಚಿಯ ಸುಭದ್ರಾಬಾಯಿಯವರ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನ ಪೊರೆ ಪೂರ್ತಿ ಬಲಿತಿದೆ, ಈ ಸಲ ತೆಗೆಸದಿದ್ದರೆ ಅದರ ಆಸೆಯನ್ನೂ ಬಿಡಿ ಎಂದು ತಪಾಸಣೆಗೆ ಬಂದವರು ಹೇಳಿ ಚೀಟಿ ಬರೆದುಕೊಟ್ಟಿದ್ದರು. ಚೀಟಿ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಭದ್ರವಾಗಿತ್ತು. ಶನಿವಾರ ಸಂಜೆ ಸೊಸೆ ಶಿವಕಾಂತಾ ಸಾಲೆಯಿಂದ ಬಂದು ಚೀಲವನ್ನು ಗೂಟಕ್ಕೆ ಹಾಕುತ್ತಿದ್ದಾಗ ಸುಭದ್ರಾಬಾಯಿ ಸಾವಕಾಶವಾಗಿ ಹೇಳಿದರು.

"ಸೋಮವಾರ ನಾ ಬರಂಗಿಲ್ಲ."

"ಯಾಕ್ರಿ ಅತ್ತಿ? ಅಂಜಿಕಿ ಆತೇನು?"

"ಅಂಜಿಕಿ ಯಾತರದು? ಆ ಹುಡುಗಿ ಉಗ್ರಾಣದಾಗ ಕುಂತಾಳ. ಹೊರಗಿಂದ ಅಗಳಿ ಬಿದ್ದದ. ಆಕೀನ ಅಲ್ಲೇ ಬಿಟ್ಟು ನಾ ಹ್ಯಾಂಗ ಹೊಸ್ತಲಾ ದಾಟಲಿ?"

ಶಿವಕಾಂತಾ ಕಣ್ಣು ಮುಚ್ಚಿ ಶಿವನಾಮ ನೆನೆದಳು. ಆ ಹುಡುಗಿಯ ಹೆಸರು ಮಾಲತಿ. ಅವಳು ಇದ್ದದ್ದು ಟೇಪ್ ರೆಕಾರ್ಡರಿನೊಳಗೆ.

ಸುಭದ್ರಾಬಾಯಿ ಇಪ್ಪತ್ತು ವರ್ಷ ಶ್ರಾವಣದಲ್ಲಿ ಓಣಿಯ ಹೆಂಗಸರಿಗೆ ಪುರಾಣ ಓದಿದವರು. ಅಕ್ಷರ ಕಾಣದಾದ ಮೇಲೆ ಮಂಕಾಗಿ ಕೂತಿದ್ದರು. ಶಿವಕಾಂತಾ ಖಜೂರಿಯ ಸಾಲೆಗೆ ಕಲಿಸಲು ಬೆಳಗಿನ ಬಸ್ಸಿಗೆ ಹೋದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅದಕ್ಕೇ ಅವಳು ಬೆಳಗ್ಗೆ ಸ್ನಾನ ಪೂಜೆ ಮುಗಿಸಿ, ಒಲೆಯ ಪಕ್ಕ ಟೇಪಿನ ಮುಂದೆ ಕೂತು, ಒಂದು ಕ್ಯಾಸೆಟ್ ತುಂಬ ಓದಿಟ್ಟು ಹೋಗುತ್ತಿದ್ದಳು. ಮೊದಮೊದಲು ವಚನ, ಶರಣರ ಕಥೆ. "ಇವೆಲ್ಲಾ ನನಗ ಬಾಯಿಪಾಠ ಅವ. ಗೊತ್ತಿಲ್ಲದ್ದು ಓದು" ಎಂದರು ಅತ್ತೆ. ಆಳಂದದ ಬಸ್ ಸ್ಟ್ಯಾಂಡಿನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಗೊತ್ತಿಲ್ಲದ್ದು ಅಂದರೆ ಒಂದೇ ಜಾತಿ: ಸಮುದ್ರದ ದಂಡೆಗೆ ಒಂದು ಬಂಗಲೆ, ಮೆತ್ತಗೆ ಮಾತಾಡುವ ಒಬ್ಬ ಚೆಲುವ, ಕಾಣೆಯಾದ ಅವನ ಮೊದಲ ಹೆಂಡತಿ, ಅವನನ್ನು ಪ್ರೀತಿಸಿ ನಡುಗುವ ಒಬ್ಬ ಹುಡುಗಿ.

ಅಲ್ಲಿಂದ ಮನೆಯ ವ್ಯವಸ್ಥೆ ಕೆಟ್ಟಿತು. ಪುರಾಣ ಓದುವವರಿಗೆ ಒಂದು ನೇಮ ಉಂಟು. ಆ ದಿನದ ಓದನ್ನು ಕೆಟ್ಟ ಜಾಗದಲ್ಲಿ ನಿಲ್ಲಿಸಬಾರದು. ಕೂಸು ಕಳೆದಿದ್ದರೆ ಸಿಕ್ಕಬೇಕು, ಅಳುವವರ ಕಣ್ಣೀರು ಒರೆಸಬೇಕು, ಆಮೇಲೆ ಗ್ರಂಥ ಕಟ್ಟಬೇಕು. ಈ ಕಾದಂಬರಿ ಬರೆದವರಿಗೋ ಅದರ ತದ್ವಿರುದ್ಧ ನೇಮ. ಹಿಂದಿನಿಂದ ಯಾರೋ ಹೆಗಲ ಮೇಲೆ ಕೈ ಇಟ್ಟರು ಅನ್ನುವಲ್ಲಿಗೆ ಅಧ್ಯಾಯ ಮುಗಿಯುತ್ತಿತ್ತು. ಸುಭದ್ರಾಬಾಯಿ ಅಲ್ಲಿಗೆ ಟೇಪು ನಿಲ್ಲಿಸುತ್ತಿರಲಿಲ್ಲ. ಪಕ್ಕದ ಮನೆಯ ಬಳೆಗಾರ್ತಿ ಪ್ಯಾರಿಬಿ ಬುಟ್ಟಿ ಇಳಿಸಿ ಜೊತೆಗೆ ಕೂತರೆ ಮುಗಿಯಿತು, ಒಳ್ಳೆಯ ಜಾಗ ಬರುವವರೆಗೆ ಇಬ್ಬರೂ ಮೇಲೇಳುತ್ತಿರಲಿಲ್ಲ. ಬಾರದಿದ್ದರೆ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ, ಮಾಲತಿ ನಗುವ ಜಾಗ ಹುಡುಕಿ, ಅದನ್ನು ಕೇಳಿ ಏಳುತ್ತಿದ್ದರು. ಶಿವಕಾಂತಾ ಬರುವಷ್ಟರಲ್ಲಿ ಒಲೆ ತಣ್ಣಗಿರುತ್ತಿತ್ತು. "ಮಾಲತಿ ಬೆಚ್ಚಿಬಿದ್ದಳು. ಏ, ಹಾಲು ಉಕ್ಕಾಕತ್ತದ ನೋಡ್ರಿ" ಎಂದು ಟೇಪಿನಲ್ಲಿ ತನ್ನದೇ ದನಿ ಅವಳನ್ನು ಎದುರುಗೊಳ್ಳುತ್ತಿತ್ತು.

"ಇನ್ನ ಎಂಟು ಹಾಳಿ ಅವ" ಎಂದಳು ಶಿವಕಾಂತಾ ಹಲ್ಲು ಕಚ್ಚಿ. "ಈಗಲೇ ಓದಿ ಆಕೀನ ಹೊರಗ ತರ್ತೇನಿ. ಆಮ್ಯಾಲ ಬರ್ತೀರೋ ಇಲ್ಲೋ?"

"ತಂದರ ಬರ್ತೇನಿ."

ಪುಸ್ತಕ ತೆರೆದು ನೋಡಿದರೆ ಆ ಎಂಟು ಹಾಳೆಯೂ ಇರಲಿಲ್ಲ. ಹೊಲಿಗೆಯಲ್ಲಿ ಹರಿದ ಅಂಚಷ್ಟೇ ಉಳಿದಿತ್ತು. "ದನಿ ಕಟ್ಯದ, ನಾಳೆ ಓದ್ತೇನಿ" ಎಂದು ಅವಳು ಪುಸ್ತಕ ಮುಚ್ಚಿದಳು. ಕಟ್ಟಿದ್ದು ದನಿ ಅಲ್ಲ, ಕಥೆ.

ಭಾನುವಾರ ಬೆಳಗ್ಗೆ ಆಳಂದದ ಬಸ್ಸು ಹಿಡಿದು ಅಂಗಡಿಗೆ ಹೋದಳು. ಅಂಗಡಿಯವನು ತಲೆ ಎತ್ತದೆ, "ಆ ಹಾಳಿ ಪುಸ್ತಕ ಬಂದಾಗಲೇ ಇರಲಿಲ್ರಿ ಟೀಚರ. ಓದಿದವರೆಲ್ಲಾ ನನ್ನ ಬೈದು ಹೋಗ್ಯಾರ" ಎಂದ.

"ಕೊನೀಗೆ ಏನಾಗ್ತದ, ಅದನ್ನರೆ ಹೇಳ್ರಿ."

"ನಾ ಓದಂಗಿಲ್ರಿ. ಕೊಡ್ತೇನಿ ಅಷ್ಟ."

ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು, ಕೊನೆಯನ್ನು ತಾನೇ ಕಟ್ಟಿ ಹೇಳಲು ಅವಳು ಟೇಪಿನ ಮುಂದೆ ಕೂತಳು. ಬಂಗಲೆಯಲ್ಲಿ ಇದ್ದವರು ಮೂವರು: ಮಾಲತಿ ಮೆಚ್ಚಿದ ಡಾಕ್ಟರ, ಕೀಲಿಗೊಂಚಲು ಹಿಡಿದು ಓಡಾಡುವ ಅವನ ಚಿಗವ್ವ, ಒಬ್ಬ ಕಿವುಡ ಅಡುಗೆಯವ. ಮೂವರಲ್ಲಿ ಒಬ್ಬರು ಅಗಳಿ ಹಾಕಿರಲೇಬೇಕು. ಯಾರ ಹೆಸರು ಹೇಳಲು ಹೋದರೂ ನಾಲಗೆ ಏಳಲಿಲ್ಲ. ಹುಟ್ಟಿದಾಗಿನಿಂದ ಹುಸಿ ಆಡಬಾರದು ಎಂದು ಬೆಳೆದವಳು ಅವಳು. ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು ಕೆಂಪು ಗುಂಡಿ ಒತ್ತಿದಳು.

ನಾಲ್ಕು ಗಂಟೆಗೆ ಪ್ಯಾರಿಬಿ ಬಂದಳು. ಟೇಪು ಹಚ್ಚಿದರು. ಹದಿನೈದೇ ನಿಮಿಷಕ್ಕೆ ಕಥೆ ಮುಗಿದು ಗುಂಡಿ ಟಕ್ಕೆಂದಿತು.

"ಮತ್ತ ಅಗಳಿ ಹಾಕಿದ್ದು ಯಾರು ಬೇ?" ಎಂದಳು ಪ್ಯಾರಿಬಿ.

"ಯಾರೂ ಅಲ್ಲ. ಗಾಳಿಗೆ ತಾನೇ ಬಿತ್ತಂತ" ಎಂದಳು ಶಿವಕಾಂತಾ.

"ಗಾಳಿಗಿ? ಒಂದು ವಾರ ಧಂದಾ ಬಿಟ್ಟು ಕುಂತೇನಿ ನಾನು. ಆ ಮೊದಲನೇ ಹೆಂಡ್ತಿ?"

"ತವರಮನ್ಯಾಗ ಇದ್ದಳಂತ. ತಾಯಿಗಿ ಆರಾಮ ಇರಲಿಲ್ಲ."

"ಮೂರು ವರ್ಷ?"

"ದೊಡ್ಡ ಜಡ್ಡು" ಎಂದಳು ಶಿವಕಾಂತಾ.

"ಆಕಿ ತಿರುಗಿ ಬಂದರ ಮಾಲತಿ ಗತಿ ಏನು? ಅಷ್ಟು ಪ್ರೇಮ ಮಾಡಿದ್ದು ಎಲ್ಲಿ ಹೋಯ್ತು?"

"ಮಾಲತಿ ಟೀಚರ್ ಟ್ರೇನಿಂಗಿಗೆ ಹೋದಳು. ಕೇಳಿದಿರಲ್ಲ."

ಪ್ಯಾರಿಬಿ ಬಳೆ ಬುಟ್ಟಿ ಎತ್ತಿಕೊಂಡಳು. "ನನ್ನ ಕೈಗಿ ಸಿಗಲಿ ಬರದವ, ಎರಡೂ ಕೈಗಿ ಬಳಿ ತೊಡಸ್ತೇನಿ" ಎನ್ನುತ್ತ ಹೋದಳು.

ಸುಭದ್ರಾಬಾಯಿ ಗೋಡೆಗೆ ಒರಗಿ ಕೂತಿದ್ದರು. ಅವಳು ಹೋದ ಮೇಲೆ ಹೇಳಿದರು, "ಇದು ಪುಸ್ತಕದಾಗ ಇಲ್ಲ ಶಿವಕಾಂತಾ."

"ಹ್ಯಾಂಗ ಅಂತೀರಿ?"

"ಅಷ್ಟು ದಿನ ಆ ಬಂಗಲೇದಾಗ ಯಾರೂ ತುತ್ತು ಅನ್ನ ಉಂಡಿದ್ದು ಕೇಳಿಲ್ಲ. ಇವತ್ತ ಎಲ್ಲಾರೂ ಕೂಡಿ ಪುಂಡಿಪಲ್ಯ, ರೊಟ್ಟಿ ಉಂಡರು."

ಶಿವಕಾಂತಾಳ ತಲೆ ತಗ್ಗಿತು. ಹಾಳೆ ಹರಿದದ್ದು, ಅಂಗಡಿಗೆ ಹೋದದ್ದು ಎಲ್ಲ ಹೇಳಿದಳು. "ಕಥೀದಾಗ ಆದ್ರೂ ಒಬ್ಬರ ಮ್ಯಾಲ ಇಲ್ಲದ್ದು ಹೊರಸೂದು ನನಗ ಆಗಲಿಲ್ರಿ. ಆ ಅಡಗಿಯವ ಪಾಪ, ಕಿವುಡ. ಡಾಕ್ಟರ ಅನ್ನಬೇಕಂದ್ರ ನಾಳೆ ನೀವು ಡಾಕ್ಟರ ಕೈಯಾಗ ಕಣ್ಣು ಕೊಡವರು. ಇನ್ನ ಆ ಚಿಗವ್ವ..."

"ಚಿಗವ್ವಗ ಏನಾಗಿತ್ತು?"

"ಕೀಲಿಗೊಂಚಲ ಹಿಡದ ಮುದುಕಿ ಅಂದ್ರ ನೀವೇ ಕಣ್ಣ ಮುಂದ ಬಂದ್ರಿ."

ಸುಭದ್ರಾಬಾಯಿಯ ಕೈ ಸೊಂಟದ ಕೀಲಿಗೊಂಚಲಿಗೆ ಹೋಗಿ ಅಲ್ಲೇ ನಿಂತಿತು. ಮುಖ ಮೃದುವಾದದ್ದನ್ನು ಶಿವಕಾಂತಾ ಕಂಡಳು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ.

"ಹುಚ್ಚಿ. ಅಗಳಿ ಹಾಕಿದ್ದು ಆ ಮುದುಕೀನೇ. ಮೊದಲನೇ ದಿನಾನೇ ನನಗ ಗೊತ್ತಿತ್ತು."

"ಗೊತ್ತಿದ್ರ ಮತ್ತ್ಯಾಕ ಒಂದು ವಾರ ನನ್ನ ಗೋಳು ಹೊಯ್ಕೊಂಡ್ರಿ?"

"ಗೊತ್ತಿದ್ದ ಮಾತ್ರಕ್ಕ ಆ ಹುಡುಗಿ ಹೊರಗ ಬಂದಂಗಾತೇನು?"

ಶಿವಕಾಂತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುವುದೋ ಬಯ್ಯುವುದೋ ಅವಳಿಗೆ ತಿಳಿಯಲಿಲ್ಲ. "ಹ್ಯಾಂಗರೆ ಆಗಲಿ, ಈಗ ಹೊರಗ ಬಂದಾಳ. ನಾಳೆ ಬರ್ತೀರಲ್ಲ?"

"ಬರದೆ ಏನ್ ಮಾಡ್ಲಿ? ನಿನ್ನ ಕೈಯಾಗ ಕಥೀ ಕೊಟ್ರ ಎಲ್ಲಾರನ್ನೂ ಟ್ರೇನಿಂಗಿಗೆ ಕಳಸ್ತಿ. ನನ್ನ ಕಣ್ಣು ನನಗ ಬೇಕವ್ವ. ಆ ಪುಸ್ತಕ ವಾಪಸ್ ಕೊಡಬ್ಯಾಡ. ಪಟ್ಟಿ ಬಿಚ್ಚಿದ ಮ್ಯಾಲ ಮೊದಲಿಂದ ನಾನೇ ಓದ್ತೇನಿ."

ಮರುದಿನ ಪೂಜೆ ಮುಗಿಸಿ, ಚೀಟಿಯನ್ನು ಚೀಲಕ್ಕೆ ಹಾಕಿ ಹೊರಟರು. ಹೊಸ್ತಿಲು ದಾಟಿದ ಮೇಲೆ ಸುಭದ್ರಾಬಾಯಿ ನಿಂತು, ಹಿಂದಕ್ಕೆ ತಿರುಗಿ, ಕೈಯಾಡಿಸಿ ಬಾಗಿಲಿನ ಹಳೆಯ ಅಗಳಿಯನ್ನು ಹುಡುಕಿದರು. ಅದನ್ನು ಮೇಲಕ್ಕೆತ್ತಿ ನಿಲ್ಲಿಸಿ, ಬಾಗಿಲನ್ನು ಎಳೆದು ಬಲವಾಗಿ ಬಡಿದರು. ಇನ್ನೊಮ್ಮೆ ಬಡಿದರು.

"ಬಸ್ಸು ಹೋಗ್ತದ್ರಿ ಅತ್ತಿ."

"ತಾನೇ ಬಿತ್ತೇನು?"

"ಇಲ್ರಿ."

"ಮತ್ತ?" ಎಂದು ಸೊಸೆಯ ಹೆಗಲು ಹಿಡಿದು ಬಸ್ಸಿನ ಕಡೆಗೆ ನಡೆದರು.