ಗಾಲ್ಫ್ ಕೋಲು ಬೀಸುವ ಮುನ್ನ

ಹೊಸಪೇಟೆಯ ಶಂಭುಲಿಂಗನಿಗೆ ಸೊಂಟನೋವು ಹೊಸದೇನಲ್ಲ. ಅದಿರು ಲಾರಿಗಳ ಮಾಲೀಕ. ದಿನಾ ಗುಂಡಿ ಬಿದ್ದ ರಸ್ತೆಯಲ್ಲಿ ಸಂಡೂರಿನ ಗಣಿಗಳಿಗೆ ಜೀಪಿನಲ್ಲಿ ಓಡಾಟ. 2006ರಲ್ಲಿ ತೋರಣಗಲ್ಲು ಕಡೆಯ ಒಂದು ಕ್ಲಬ್ಬಿನಲ್ಲಿ ಗಾಲ್ಫ್ ಆಡಲು ಶುರು ಮಾಡಿದ.

ಪಕ್ಕದ ಮನೆಯ ಪ್ರಿಯಂವದಾ ಫಿಸಿಯೋಥೆರಪಿಸ್ಟ್. ಒಂದು ಭಾನುವಾರ ಬೆಳಿಗ್ಗೆ ಅವನು ಮಂಡಿ ಮಡಿಸದೆ ಬಗ್ಗಿ, ಭಾರದ ಗಾಲ್ಫ್ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಜೀಪಿಗೆ ಹಾಕುವುದನ್ನು ಆಕೆ ನೋಡಿದಳು.

"ಅಣ್ಣಾರ, ಆಟಕ್ಕ ಮುಂಚೆ ಮೈ ಸಡಿಲ ಮಾಡ್ಕೋತೀರಿಲ್ಲ?"

"ಅದೇನು ಕುಸ್ತಿ ಏನವ್ವಾ? ನಿಂತ ಜಾಗದಾಗ ನಿಂತು ಸಣ್ಣ ಚೆಂಡು ಹೊಡೆಯೋದು."

"ನಿಂತು ಹೊಡೆದ್ರೂ ಸೊಂಟ ತಿರುಗ್ತದಲ್ರಿ. ಹತ್ತು ನಿಮಿಷ ನಡೀರಿ. ಮೊದಲು ಚೆಂಡಿಲ್ದ ನಿಧಾನಕ ಕೋಲು ಬೀಸ್ರಿ. ಒಮ್ಮೆಲೆ ಜೋರು ಬ್ಯಾಡ."

"ಅದನ್ನ ಮುದುಕರಿಗೆ ಹೇಳು," ಎಂದು ನಕ್ಕು ಜೀಪು ಹತ್ತಿದ. ಅವನಿಗೆ ನಲವತ್ತೆರಡು.

ಹೆಂಡತಿ ಕೊಟ್ರಮ್ಮ ಅವತ್ತು ಜೊತೆಗಿದ್ದಳು. ಒಂದು ಗಂಟೆ ಜೀಪಿನಲ್ಲಿ ಕುಲುಕಿ ಬಂದವನು ಕ್ಲಬ್ಬಿನಲ್ಲಿ ಇಳಿದವನೇ ಉದ್ದನೆಯ ಕೋಲು ತೆಗೆದ. ಎಲ್ಲರಿಗಿಂತ ದೂರ ಹೊಡೆಯಬೇಕೆಂದು ಇದ್ದ ಬಲವನ್ನೆಲ್ಲ ಹಾಕಿ ಬೀಸಿದ. ಚೆಂಡು ಹಾರಿತು. ಅವನು ಹಾಗೇ ಮಂಡಿಯೂರಿ ಕುಸಿದ.

ತಮಾಷೆಯೆಂದುಕೊಂಡು ಜೊತೆಯ ಆಟಗಾರರು ಚಪ್ಪಾಳೆ ತಟ್ಟಿದರು. ಕೊಟ್ರಮ್ಮ ಓಡಿಹೋದಾಗ ಅವನ ಮುಖದಿಂದ ಬೆವರು ಇಳಿಯುತ್ತಿತ್ತು.

"ಬಲಗಾಲು ಗೊತ್ತಾಗವಲ್ದು, ಕೊಟ್ರಿ."

ಅವಳು ಬೂಟು ಬಿಚ್ಚಿ ಪಾದ ಚಿವುಟಿದಳು. ಅವನಿಗೆ ತಿಳಿಯಲಿಲ್ಲ. ಉಗುರು ಊರಿ ಮತ್ತೆ ಚಿವುಟಿದಳು. ಆಗಲೂ ತಿಳಿಯಲಿಲ್ಲ. ಚಪ್ಪಾಳೆ ನಿಂತಿತು.

ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತಿತ್ತು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಲಾರಿ ಹತ್ತಿಳಿಯುತ್ತಿದ್ದ ಗಂಡಸನ್ನು ಬಚ್ಚಲಿಗೂ ಹೆಂಡತಿ ಹಿಡಿದುಕೊಂಡೇ ಹೋಗಬೇಕಾಯಿತು.

"ಬಿದ್ದಿಲ್ಲ, ಯಾರೂ ತಳ್ಳಿಲ್ಲ. ಒಂದು ಏಟಿಗೆ ಹಿಂಗೂ ಆಗ್ತದೇನವ್ವಾ?" ನೋಡಲು ಬಂದ ಪ್ರಿಯಂವದಾಳನ್ನು ಕೊಟ್ರಮ್ಮ ಕೇಳಿದಳು.

"ಒಂದೇ ಏಟಿಂದ ಅಲ್ಲಕ್ಕ. ಹಳೇ ನೋವಿತ್ತು, ಯಾರಿಗೂ ತೋರಿಸಲಿಲ್ಲ. ಅದರ ಮ್ಯಾಲೆ ಸಡಿಲಾಗದ ಮೈಯಾಗ ಅಷ್ಟು ಜೋರು ತಿರುಗಿದ್ರು."

ಶಂಭುಲಿಂಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. "ನೀ ಹೇಳಿದ್ದಿ. ನಾ ನಕ್ಕೆ," ಎಂದ.

ದಿನಾ ಪ್ರಿಯಂವದಾ ಕಲಿಸಿದ ವ್ಯಾಯಾಮ ಮಾಡಿದ. ಡಾಕ್ಟರು ಒಪ್ಪಿದ ಮೇಲೆ, ಎಂಟು ತಿಂಗಳಿಗೆ ಮೈದಾನಕ್ಕೆ ಹೋದ. ಕೊಟ್ರಮ್ಮ ಚೀಲದ ಮೇಲೆ ಕೈಯಿಟ್ಟು ನಿಂತಳು. "ಮೊದಲು ನಡೀರಿ. ಆಮ್ಯಾಲೆ ಕೋಲು ಮುಟ್ರಿ." ಅವನು ನಡೆದ. ಜೊತೆಗಾರರೂ ಅವನ ಹಿಂದೆ ನಡೆದರು. ಬಲಗಾಲಿನ ಹೆಬ್ಬೆರಳಿಗೆ ಮಾತ್ರ ಸ್ಪರ್ಶ ಇವತ್ತಿಗೂ ಬಂದಿಲ್ಲ.

ಗಾಲ್ಫ್ ಆಡುವ ಅಣ್ಣಂದಿರೇ, ಅಕ್ಕಂದಿರೇ, ಹತ್ತು ನಿಮಿಷ ನಡೆದು ಮೈ ಸಡಿಲಿಸಿಕೊಳ್ಳಿ. ಚೀಲ ಎತ್ತುವಾಗ ಮಂಡಿ ಮಡಿಸಿ. ಮೊದಲ ಹೊಡೆತಗಳು ಮೆಲ್ಲಗಿರಲಿ. ನೋವು ಕಂಡರೆ ಆಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಚೆಂಡು ಸ್ವಲ್ಪ ಹತ್ತಿರ ಬಿದ್ದರೆ ಬೀಳಲಿ, ನೀವು ನಿಮ್ಮ ಕಾಲ ಮೇಲೆ ಮನೆಗೆ ಬನ್ನಿ.