ಬಿಚ್ಚಲು ಬರುವ ದೀಪ

ನಮ್ಮ ನಿಮ್ಮ ಮನೆಗಳಲ್ಲಿ ಆಗುವುದೇ ಇದು. ಚಾರ್ಜ್ ಮಾಡುವ ದೀಪವೊಂದು ವರ್ಷವಿಡೀ ಚೆನ್ನಾಗಿ ಉರಿಯುತ್ತದೆ. ಆಮೇಲೆ ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಐದೇ ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ. ನಾಲ್ಕು ದಿನ ಮೂಲೆಯಲ್ಲಿ ಬಿದ್ದಿದ್ದು ಐದನೆಯ ದಿನ ಕಸದ ಬುಟ್ಟಿ ಸೇರುತ್ತದೆ. ಹೊಸದೊಂದು ಮನೆಗೆ ಬರುತ್ತದೆ.

ಅಂಥ ದೀಪಗಳನ್ನು ತಯಾರಿಸುವವಳೇ ದೀಪದಕ್ಕ. ಊರವರು ಇಟ್ಟ ಹೆಸರು ಅದು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಉದ್ದನೆಯ ಮೇಜು, ಅದರ ಸುತ್ತ ಆರು ಜನ ಹೆಂಗಸರು. ಒಬ್ಬಳು ತಂತಿ ಕತ್ತರಿಸಿದರೆ ಇನ್ನೊಬ್ಬಳು ಬೆಸುಗೆ ಹಾಕುತ್ತಿದ್ದಳು. ಕೊನೆಯಲ್ಲಿ ಕೂತ ದೀಪದಕ್ಕ ದೀಪದ ಹಸಿರು ಡಬ್ಬಿಯ ಅಂಚಿಗೆ ಅಂಟು ಸವರಿ, ಮುಚ್ಚಳ ಒತ್ತಿ ಹಿಡಿದು ಹತ್ತು ಎಣಿಸುತ್ತಿದ್ದಳು. ಒಮ್ಮೆ ಅಂಟಿತೆಂದರೆ ಯಾರಪ್ಪ ಬಂದರೂ ಬಿಚ್ಚುವಂತಿರಲಿಲ್ಲ. ಅವಳಿಗೆ ಅದೇ ಒಂದು ಹೆಮ್ಮೆ.

ಒಂದು ಬೆಳಿಗ್ಗೆ ನಾದಿನಿ ಬಂದಳು. ಊರಿನ ಕಸ ವಿಂಗಡಿಸುವ ಕೇಂದ್ರದಲ್ಲಿ ಅವಳ ಕೆಲಸ. ಬಲಗೈ ತುಂಬ ಬ್ಯಾಂಡೇಜು.

"ಏನಾಯ್ತೇ ಕೈಗೆ?" ದೀಪದಕ್ಕ ಎದ್ದೇ ಬಂದಳು.

"ಏನಿಲ್ಲ ಅತ್ತಿಗೆ, ನಿಮ್ಮ ದೀಪ ಸ್ವಲ್ಪ ಜಾಸ್ತೀನೇ ಉರೀತು."

ನಾದಿನಿ ನಕ್ಕಳು. ದೀಪದಕ್ಕನಿಗೆ ನಗು ಬರಲಿಲ್ಲ. ಹಿಂದಿನ ದಿನ ಮೂಟೆ ಕಟ್ಟಲು ಕಸ ತುಳಿಯುವಾಗ ಒಳಗಿದ್ದ ಹಸಿರು ದೀಪ ಜಜ್ಜಿಹೋಗಿತ್ತು. ಅದರ ಬ್ಯಾಟರಿ ಬುಸ್ಸೆಂದು ಹೊಗೆ ಉಗುಳಿ ಹೊತ್ತಿಕೊಂಡಿತ್ತು. ಮೂಟೆಯನ್ನು ಅಂಗಳಕ್ಕೆ ಎಳೆದು ಹಾಕುವಷ್ಟರಲ್ಲಿ ನಾದಿನಿಯ ಅಂಗೈ ಸುಟ್ಟಿತ್ತು.

"ನಾಲ್ಕು ಹೆಜ್ಜೆ ಆಚೆ ಕಾಗದದ ರಾಶಿ ಇತ್ತು ಅತ್ತಿಗೆ. ಅದಕ್ಕೇನಾದ್ರೂ ತಗುಲಿದ್ರೆ, ಒಳಗಿದ್ದ ಹನ್ನೊಂದು ಜನ..." ಅಲ್ಲಿಗೇ ನಿಲ್ಲಿಸಿದಳು.

ದೀಪದಕ್ಕನ ಗಂಡ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ಮಾರಿದ ಮೇಲೆ ಅದು ಕೊಂಡವರ ಪಾಡು ಕಣಮ್ಮ. ಅವರು ಕಸಕ್ಕೆಸೆದ್ರೆ ನಾವೇನು ಮಾಡಕ್ಕಾಗುತ್ತೆ?"

"ಎಸೀದೆ ಇನ್ನೇನು ಮಾಡ್ತಾರಣ್ಣ? ಬಿಚ್ಚಕ್ಕೆ ಬರುತ್ತಾ ನಿನ್ನ ದೀಪ?" ನಾದಿನಿ ಚೀಲದಿಂದ ಕೆಟ್ಟ ದೀಪವೊಂದನ್ನು ತೆಗೆದು ಅವನ ಮುಂದಿಟ್ಟಳು. "ಎಲ್ಲಿ, ಬಿಚ್ಚು ನೋಡೋಣ."

ಅವನು ಚಾಕು ತೆಗೆದುಕೊಂಡ. ಅವಳು ತಡೆದಳು. "ಚೂಪಿನದ್ದು ಬೇಡ. ಬ್ಯಾಟರಿಗೆ ತಾಗಿದ್ರೆ ನಿನ್ನ ಕೈಗೂ ಬ್ಯಾಂಡೇಜೇ." ಅವನು ಪ್ಲಾಸ್ಟಿಕ್ ಪಟ್ಟಿಯೊಂದನ್ನು ತೂರಿಸಿ ಅರ್ಧ ಗಂಟೆ ಬೆವರು ಸುರಿಸಿದ. ಕೊನೆಗೆ ಡಬ್ಬಿಯೇ ಸೀಳಿತು.

ಒಳಗೆ ಬಲ್ಬು ಸರಿಯಾಗಿತ್ತು. ಸ್ವಿಚ್ಚು ಸರಿಯಾಗಿತ್ತು. ತಾಮ್ರದ ತಂತಿ ಹೊಸದರಂತೆ ಹೊಳೆಯುತ್ತಿತ್ತು.

"ಕೆಟ್ಟಿರೋದು ಬ್ಯಾಟರಿ ಒಂದೇ," ಎಂದಳು ನಾದಿನಿ. "ಬಳಸ್ತಾ ಬಳಸ್ತಾ ಅದು ಸೊರಗೋದು ಸಹಜ. ಅದೊಂದಕ್ಕೋಸ್ಕರ ಮಿಕ್ಕಿದ್ದೆಲ್ಲ ಕಸ ಆಗ್ತಿದೆ. ಈ ತಾಮ್ರ, ಬ್ಯಾಟರಿಯೊಳಗಿನ ಲೋಹ, ಎಲ್ಲಾ ಎಲ್ಲೋ ನೆಲ ಬಗೆದು ತಂದಿದ್ದು. ಹೊಸ ದೀಪಕ್ಕೆ ಮತ್ತೆ ಬಗೀಬೇಕು. ಹಳೇದನ್ನ ಹಳ್ಳಕ್ಕೆ ಸುರಿದ್ರೆ ಅದರ ವಿಷ ನಾವು ಕುಡಿಯೋ ನೀರಿಗೇ ಇಳಿಯುತ್ತೆ."

"ಎಲ್ಲಾ ಸರಿ," ಎಂದ ಗಂಡ. "ರಿಪೇರಿ ಆಗಿಬಿಟ್ರೆ ಹೊಸ ದೀಪ ಯಾರು ಕೊಳ್ತಾರೆ? ಇಷ್ಟು ಜನಕ್ಕೆ ಕೆಲಸ ಎಲ್ಲಿಂದ ತರ್ಲಿ?"

ದೀಪದಕ್ಕನ ಮನಸ್ಸಿನಲ್ಲಿದ್ದ ಪ್ರಶ್ನೆಯೂ ಅದೇ. ಅವತ್ತೆಲ್ಲ ಕೆಲಸಕ್ಕೆ ಕೈ ಓಡಲಿಲ್ಲ.

ಮರುದಿನ ಅವಳೇ ಕಸದ ಕೇಂದ್ರಕ್ಕೆ ಹೋದಳು. ಹೆಂಗಸರು ನೆಲದ ಮೇಲೆ ಕೂತು, ತೂತುಬಿದ್ದ ಕೈಗವಸು ತೊಟ್ಟು, ಚೂರು ಚೂರನ್ನೂ ಆರಿಸುತ್ತಿದ್ದರು. ಒಂದು ಮೂಲೆಯಲ್ಲಿ ಹಸಿರು ದೀಪಗಳ ಗುಡ್ಡೆ.

"ತವರಿಗೆ ಬಂದಂಗಾಯ್ತಾ ಅತ್ತಿಗೆ? ಎಲ್ಲಾ ಗುರುತಿನ ಮುಖಗಳೇ," ಎಂದಳು ನಾದಿನಿ.

ದೀಪದಕ್ಕ ಒಂದನ್ನು ಎತ್ತಿಕೊಂಡಳು. ಅಂಚಿನಲ್ಲಿ ಒಣಗಿದ ಅಂಟು, ಅದರ ಮೇಲೆ ಒಂದು ಹೆಬ್ಬೆರಳ ಗುರುತು. ಅವಳದೇ. ಅವಳು ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ.

ಸಂಜೆ ಗಂಡನಿಗೆ ಹೇಳಿದಳು: "ಇನ್ನು ನಾನು ಅಂಟು ಹಾಕಲ್ಲ."

"ತಲೆ ಕೆಟ್ಟಿದೆಯಾ ನಿಂಗೆ?"

"ನಾಲ್ಕು ಸ್ಕ್ರೂ ಹಾಕೋಣ ರೀ. ಬ್ಯಾಟರಿಗೆ ಬೆಸುಗೆ ಬೇಡ, ಸಿಕ್ಕಿಸಿ ತೆಗೆಯೋ ಹಾಗೆ ಮಾಡೋಣ. ಕೆಟ್ಟರೆ ನಮ್ಮ ಹತ್ರಾನೇ ತರ್ಲಿ. ಬ್ಯಾಟರಿ ಬದಲಾಯಿಸೋದೂ ಕೆಲಸಾನೇ ಅಲ್ವಾ?"

ಅವನು ಗೊಣಗಿದ. ಗೊಣಗುತ್ತಲೇ ಡಬ್ಬಿಯ ಅಚ್ಚು ಬದಲಾಯಿಸಲು ಹೋದ. ಮೊದಲ ಸಲ ಸ್ಕ್ರೂ ಉದ್ದವಾಗಿ ಡಬ್ಬಿಗಳು ಬಿರುಕುಬಿಟ್ಟವು. ಮೇಜಿನ ಕೆಲಸ ನಿಧಾನವಾಯಿತು. ಮೂರು ವಾರ ಕಳೆದ ಮೇಲೆ ಹೆಂಗಸರ ಕೈ ಪಳಗಿತು. ಡಬ್ಬಿಯ ಬೆನ್ನಿಗೆ ಚೀಟಿ ಅಂಟಿಸಿದರು: "ಬ್ಯಾಟರಿ ಸೊರಗಿದರೆ ಎಸೆಯಬೇಡಿ, ನಮಗೆ ತನ್ನಿ."

ವರ್ಷವಾಯಿತು. ಯಾರೂ ಬರಲಿಲ್ಲ. "ನಾನು ಹೇಳಿರ್ಲಿಲ್ವಾ?" ಎನ್ನುವಂತೆ ಗಂಡ ನೋಡುತ್ತಿದ್ದ. ಆಮೇಲೊಂದು ದಿನ ಬಟ್ಟೆ ಹೊಲಿಯುವಾಕೆಯೊಬ್ಬಳು ದೀಪ ಹಿಡಿದು ಬಂದಳು. ಅವನೇ ಸ್ಕ್ರೂ ಬಿಚ್ಚಿ, ಬ್ಯಾಟರಿ ಬದಲಾಯಿಸಿ ಕೊಟ್ಟ. ಆಕೆ ನೋಡುತ್ತಿದ್ದಂತೆಯೇ ದೀಪ ಹತ್ತಿತು.

"ಅಯ್ಯೋ, ಇಷ್ಟೇನಾ? ಹೋದ ಸಲದ್ದನ್ನ ಸುಮ್ನೆ ಎಸೆದ್ನಲ್ಲ!" ಎಂದಳು. ಮರುದಿನ ಅವಳ ಬೀದಿಯ ಮೂವರು ಬಂದರು.

ಈಗ ಶೆಡ್ಡಿನಲ್ಲಿ ರಿಪೇರಿಗೆಂದೇ ಇನ್ನೊಂದು ಮೇಜಿದೆ. ಇಬ್ಬರು ಹೆಂಗಸರಿಗೆ ಅಲ್ಲೇ ಕೈತುಂಬ ಕೆಲಸ. ಹಳೆಯ ಬ್ಯಾಟರಿಗಳ ತುದಿಗೆ ಟೇಪು ಸುತ್ತಿ, ಮರಳು ತುಂಬಿದ ಡಬ್ಬದಲ್ಲಿಟ್ಟು, ಮರುಬಳಕೆಗೆ ಒಯ್ಯುವ ಪರವಾನಗಿ ಇರುವವರಿಗೆ ಒಪ್ಪಿಸುತ್ತಾರೆ. ಅಂಗಡಿಯವರಿಗೆ "ನಮ್ದು ಬಿಚ್ಚಕ್ಕೆ ಬರೋ ದೀಪ, ನೋಡಿ" ಎಂದು ತೋರಿಸುವವನು ಈಗ ಗಂಡನೇ.

ಓದುತ್ತಿರುವ ಅಕ್ಕ ಅಣ್ಣಂದಿರೇ, ದೀಪವಾಗಲಿ ಫೋನಾಗಲಿ ಕೊಳ್ಳುವಾಗ ಕೇಳಿ: ಇದರ ಬ್ಯಾಟರಿ ಬದಲಾಯಿಸಬಹುದಾ? ಕೆಟ್ಟರೆ ವಾಪಸ್ ತಗೋತೀರಾ? ಕೇಳುವವರು ಹೆಚ್ಚಾದರೆ ತಯಾರಿಸುವವರೂ ಬದಲಾಗುತ್ತಾರೆ. ಊದಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಕೆಟ್ಟ ದೀಪ, ಫೋನು, ಬ್ಯಾಟರಿಗಳನ್ನು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೇ ಕೊಡಿ. ಇವತ್ತೇ ಮನೆಯ ಮೂಲೆಗಳನ್ನೊಮ್ಮೆ ಹುಡುಕಿ. ಸಿಕ್ಕಿದ್ದನ್ನು ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ. ನಾಳೆ ಬೆಳಿಗ್ಗೆ ಆ ಬುಟ್ಟಿಯೊಳಗೆ ಯಾರೋ ಒಬ್ಬರು ಕೈ ಹಾಕುತ್ತಾರೆ.